‘ಒಸಿ ಬೆಚ್ತು’ ಎಂದಿದ್ದ ಕಾರ್ಡು

ಹೋದ ವರ್ಷ ನಮ್ಮ ಸಂಸ್ಥೆಯಲ್ಲಿ ಹಳೆಯ ಅಧ್ಯಯನಗಳ ಕಾಗದಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಡುವ ಕೆಲಸ ನಡೆಯಿತು. ನನ್ನ ನಿವೃತ್ತಿ ಹತ್ತಿರವಾಗಿತ್ತು. ಲಸಿಕೆಯ ಸುರಕ್ಷತೆ ಮತ್ತು ಅಣುಜೀವಶಾಸ್ತ್ರದಲ್ಲಿ ನಾನು ಮಾಡಿದ ಕೆಲಸದ ದಾಖಲೆ, ಅಂದರೆ ಪ್ರಕಟವಾದ ಪ್ರಬಂಧಗಳು ಮತ್ತು ಅವುಗಳ ಹಿಂದಿನ ಮೂಲ ಕಾಗದಗಳು, ಒಂದೇ ಕಡೆ ಸೇರಬೇಕಿತ್ತು. ನನ್ನ ಜೊತೆ ಎಂಟು ವರ್ಷದಿಂದ ಸಂಶೋಧನೆ ಮಾಡುತ್ತಿರುವ, ಧಾರವಾಡದ ಕಡೆಯ ಸಹೋದ್ಯೋಗಿ ತಾನಾಗಿ ಆ ಕೆಲಸವನ್ನು ವಹಿಸಿಕೊಂಡಳು. ಒಂದು ಮಧ್ಯಾಹ್ನ ಆಕೆ ಹಳದಿ ಕಾರ್ಡೊಂದನ್ನು ಹಿಡಿದು ನನ್ನ ಕೋಣೆಗೆ ಬಂದಳು.

"ಮೇಡಂ, ಇದೇನ್ರೀ ಇದು? ‘ಜ್ವರ ಬಂತು, ಮೊಗ ಒಸಿ ಬೆಚ್ತು.’ ನಿಮ್ಮ ಕಡಿ ಮಂದಿ ಎಲ್ಲಾದಕ್ಕೂ ಒಸಿ ಅಂತೀರಿ. ಒಸಿ ಊಟ, ಒಸಿ ಜ್ವರ. ಪೂರಾ ಅನ್ನೂದು ಇಲ್ಲೇನ್ರೀ?"

ನಾನು ನಕ್ಕೆ. ಆಕೆ ಕಾರ್ಡಿಗೆ ಪಿನ್ ಮಾಡಿದ್ದ ಇಂಗ್ಲಿಷ್ ಫಾರ್ಮನ್ನು ತೋರಿಸಿದಳು.

"ಇಲ್ಲಿ ನೀವು ನಿದ್ದ್ಯಾಗ ಬೆಚ್ಚಿಬಿತ್ತು, ಸೌಮ್ಯ ಅಂತ ಬರದೀರಿ. ಹಂಗಂತನ ಅಲ್ರೀ ಅರ್ಥ?"

"ಹೂಂ, ಹಾಗೇ" ಅಂದೆ.

ಆಕೆ ಹೋದ ಮೇಲೆ ನಾನು ಕುರ್ಚಿಯಿಂದ ಏಳಲಿಲ್ಲ. ಹದಿನೈದು ವರ್ಷದ ಹಿಂದೆ ಮಾಡಿದ್ದನ್ನು ಆಗ ಮಾಡಿದ್ದು, ಅವಸರದಲ್ಲಿ ಮಾಡಿದ್ದು ಎಂದು ಹೇಳಿಕೊಳ್ಳುತ್ತ ಬಂದಿದ್ದೆ. ಈಗ ಅವಸರವೇನೂ ಇರಲಿಲ್ಲ. ಕೈಯಲ್ಲಿ ಕಾಫಿ ಲೋಟವಿತ್ತು, ಕಿಟಕಿ ತೆರೆದಿತ್ತು. ಆದರೂ ಅದೇ ಸುಳ್ಳನ್ನು ಮತ್ತೊಮ್ಮೆ ಹೇಳಿದೆ.

ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಕನಕಪುರದ ಆಚೆಯ ಒಂದು ಹಳ್ಳಿಯಲ್ಲಿ. ನಮ್ಮ ಕಡೆ ಎಳೆಯ ಮಗುವಿಗೆ ಜ್ವರ ಏರಿ, ಕಣ್ಣು ಮೇಲಾಗಿ, ಕೈಕಾಲು ಸೆಟೆದು ಅದುರಿದರೆ ಅದಕ್ಕೆ ಫಿಟ್ಸ್ ಎನ್ನುವುದಿಲ್ಲ. ಹೆಸರು ಹಿಡಿದು ಕರೆದರೆ ಅದು ಕೇಳಿಸಿಕೊಂಡು ಮತ್ತೆ ಬರುತ್ತದೆ ಎಂಬ ಭಯ. ಮಗು ಹೆಣ್ಣಾದರೆ ಮುಂದೆ ಮದುವೆಯ ಮಾತು ಬಂದಾಗ ಯಾರಾದರೂ ಆ ಹೆಸರನ್ನು ನೆನಪಿಟ್ಟುಕೊಂಡಿರುತ್ತಾರೆ ಎಂಬ ಇನ್ನೊಂದು ಭಯ. ಹಾಗಾಗಿ ‘ಮೊಗ ಬೆಚ್ತು’, ಮಗು ಬೆಚ್ಚಿತು, ಎನ್ನುತ್ತಾರೆ. ಅದನ್ನು ಇನ್ನೂ ಸಣ್ಣದು ಮಾಡಲು ಮುಂದೊಂದು ‘ಒಸಿ’ ಸೇರಿಸುತ್ತಾರೆ. ನನ್ನ ತಮ್ಮ ಒಂದು ವರ್ಷದ ಕೂಸಾಗಿದ್ದಾಗ ಹಾಗೆ ಬೆಚ್ಚಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ನಮ್ಮ ಅಜ್ಜಿ ಅವನನ್ನು ಮಡಿಲಲ್ಲಿ ಹಾಕಿಕೊಂಡು, ಬಂದವರಿಗೆಲ್ಲ "ಏನಿಲ್ಲ ಕಣವ್ವ, ಒಸಿ ಬೆಚ್ತು ಅಷ್ಟೆ" ಎನ್ನುತ್ತಿದ್ದಳು. ಸಂಜೆತನಕ ಅವನನ್ನು ಯಾರ ಕೈಗೂ ಕೊಡಲಿಲ್ಲ.

ನಮ್ಮ ತಂಡದಲ್ಲಿ ಈ ಮಾತು ಗೊತ್ತಿದ್ದವಳು ನಾನೊಬ್ಬಳೇ.

ಅಧ್ಯಯನ ಹೀಗಿತ್ತು. ಒಂಬತ್ತು ತಿಂಗಳ ಮಕ್ಕಳಿಗೆ ಸರ್ಕಾರದವರೇ ಹಾಕುತ್ತಿದ್ದ ಒಂದು ಚುಚ್ಚುಮದ್ದು. ಅದು ಹೊಸದಲ್ಲ, ಅದರಿಂದ ಬದುಕುಳಿದ ಮಕ್ಕಳಿಗೆ ಲೆಕ್ಕವಿಲ್ಲ. ಹಾಕಿದ ಮೇಲೆ ಎರಡು ವಾರ ಮಗುವಿಗೆ ಏನೇನಾಯಿತು ಎಂದು ಮನೆಮನೆಯಲ್ಲಿ ಕೇಳಿ ಬರೆದುಕೊಳ್ಳುವುದು, ಹತ್ತನೆಯ ದಿನ ಒಂದಿಷ್ಟು ರಕ್ತ ತೆಗೆದು, ಜ್ವರ ಬಂದ ಮಕ್ಕಳ ಜೀವಕೋಶಗಳಲ್ಲಿ ಯಾವ ಜೀನುಗಳು ಹೆಚ್ಚು ಚುರುಕಾಗುತ್ತವೆ ಎಂದು ಪ್ರಯೋಗಾಲಯದಲ್ಲಿ ನೋಡುವುದು ನಮ್ಮ ಕೆಲಸ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆಯ ಮನೆಗಳನ್ನು ಆರಿಸಿಕೊಂಡಿದ್ದೆವು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯ ತಾಯಂದಿರು ಬಿಸಿನೀರಿನಿಂದ ಕೈ ತೆಗೆಯದೆಯೇ ಉತ್ತರ ಕೊಡುತ್ತಿದ್ದರು. ಚನ್ನಪಟ್ಟಣದಲ್ಲಿ ಗೊಂಬೆಗೆ ಬಳಿಯುವ ಅರಗಿನ ಬಣ್ಣ ಅವರ ಹೆಬ್ಬೆಟ್ಟಿನ ಜೊತೆ ನಮ್ಮ ಕಾರ್ಡಿಗೂ ಹತ್ತುತ್ತಿತ್ತು.

ಕಾರ್ಡು ತುಂಬುತ್ತಿದ್ದವರು ಆಯಾ ಊರಿನ ಆಶಾ ಕಾರ್ಯಕರ್ತೆಯರು. ಅವರಿಗೆ ನಾನೇ ತರಬೇತಿ ಕೊಟ್ಟಿದ್ದೆ. "ತಾಯಿ ಹೇಳಿದ್ದನ್ನು ಹೇಳಿದ ಹಾಗೇ ಬರೀರಿ. ನಿಮ್ಮ ಮಾತು ಸೇರಿಸಬೇಡಿ. ಅರ್ಥ ಮಾಡುವ ಕೆಲಸ ನನಗೆ ಬಿಡಿ" ಅಂದಿದ್ದೆ. ಈ ಕ್ರಮದ ಬಗ್ಗೆ ನನಗೆ ಹೆಮ್ಮೆಯಿತ್ತು. ತಾಯಂದಿರ ಮಾತಿನಲ್ಲೇ ಮಾಹಿತಿ ಸಂಗ್ರಹಿಸಿದ್ದು ನಮ್ಮ ಅಧ್ಯಯನದ ಬಲ ಎಂದು ಪ್ರಬಂಧದಲ್ಲಿ ಬರೆದಿದ್ದೇನೆ. ಅದು ಇವತ್ತಿಗೂ ಅಲ್ಲಿದೆ.

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಕಡೆಯ ಕಾರ್ಡುಗಳ ಕಟ್ಟು ಬಂದಾಗ ನಾನು ಒಂದು ಸಮ್ಮೇಳನಕ್ಕೆ ಭಾಷಣ ಸಿದ್ಧಮಾಡುತ್ತಿದ್ದೆ. ಕಟ್ಟನ್ನು ಬಿಚ್ಚದೆ ಮೇಜಿನ ಬದಿಯಲ್ಲಿಟ್ಟೆ. ಬಂದ ದಿನವೇ ಓದಬೇಕೆಂಬ ನಿಯಮವನ್ನು ಬರೆದವಳೂ ನಾನೇ. ಮೂರು ವಾರ ಕಳೆದು ಬಿಚ್ಚಿದಾಗ, ನಾಲ್ಕನೆಯದೋ ಐದನೆಯದೋ ಕಾರ್ಡಿನಲ್ಲಿ ಆ ಸಾಲಿತ್ತು. ಒಂಬತ್ತನೆಯ ದಿನ: ‘ಜ್ವರ ಬಂತು, ಮೊಗ ಒಸಿ ಬೆಚ್ತು.’

ಓದಿದ ತಕ್ಷಣ ತಿಳಿಯಿತು. ಏನು ಮಾಡಬೇಕು ಎನ್ನುವುದೂ ತಿಳಿದಿತ್ತು. ಒಂದು ದಿನದೊಳಗೆ ಸುರಕ್ಷತಾ ಸಮಿತಿಗೆ ವರದಿ ಕೊಡಬೇಕು, ಒಬ್ಬ ಮಕ್ಕಳ ವೈದ್ಯರು ಆ ಮನೆಗೆ ಹೋಗಿ ಮಗುವನ್ನು ನೋಡಬೇಕು, ತಾಯಿಯ ಜೊತೆ ಮಾತಾಡಬೇಕು. ಆ ಚುಚ್ಚುಮದ್ದಿನ ಜ್ವರಕ್ಕೆ ಅಪರೂಪವಾಗಿ ಹೀಗಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಾಮಾನ್ಯವಾಗಿ ಗುರುತೂ ಉಳಿಯದೆ ಹೋಗುತ್ತದೆ. ವರದಿ ಕೊಟ್ಟಿದ್ದರೆ ಲಸಿಕೆಗೆ ಕೆಟ್ಟ ಹೆಸರು ಬರುತ್ತಿರಲಿಲ್ಲ, ಅಧ್ಯಯನವೂ ನಿಲ್ಲುತ್ತಿರಲಿಲ್ಲ. ಕಾರ್ಡು ನನ್ನ ಮೇಜಿನ ಮೇಲೆ ಮೂರು ವಾರ ಬಿದ್ದಿತ್ತು ಎನ್ನುವುದು ಮಾತ್ರ ಗೊತ್ತಾಗುತ್ತಿತ್ತು. ಅದನ್ನು ಮುಚ್ಚಲು ‘ಬೆಚ್ತು’ ಎಂಬ ಮಾತನ್ನು ನಿಘಂಟಿನಲ್ಲಿರುವ ಹಾಗೆ ಅರ್ಥ ಮಾಡಿದೆ. ನಿದ್ದೆಯಲ್ಲಿ ಬೆಚ್ಚಿಬಿದ್ದದ್ದು. ಸೌಮ್ಯ. ಯಾರಾದರೂ ಕೇಳಿದರೆ ನಿಘಂಟು ತೋರಿಸಬಹುದಿತ್ತು. ಯಾರೂ ಕೇಳಲಿಲ್ಲ.

ಆ ಮಗುವಿನ ರಕ್ತದ ಫಲಿತಾಂಶ ಬಂದಾಗ, ನಕ್ಷೆಯಲ್ಲಿ ಉಳಿದ ಚುಕ್ಕಿಗಳೆಲ್ಲ ಒಂದು ಕಡೆ ಗುಂಪಾಗಿದ್ದರೆ ಇದೊಂದು ಚುಕ್ಕಿ ದೂರದಲ್ಲಿ ಮೇಲೆ ನಿಂತಿತ್ತು. ಕಾರ್ಡಿನ ಸಂಖ್ಯೆ, ರಕ್ತದ ಸಂಖ್ಯೆ ಒಂದೇ. ಪ್ರಬಂಧದಲ್ಲಿ ನಾನು ಬರೆದದ್ದು: ‘ಇದಕ್ಕೆ ವೈದ್ಯಕೀಯ ಕಾರಣ ಕಂಡುಬಂದಿಲ್ಲ.’ ಆ ವಾಕ್ಯದಿಂದಲೇ ನನ್ನ ಮುಂದಿನ ಕೆಲಸ ಶುರುವಾಯಿತು. ಕಾಣದ ಕಾರಣವನ್ನು ಅಣುಗಳಲ್ಲಿ ಹುಡುಕುವ ಕೆಲಸ. ಅದಕ್ಕೆ ಹಣ ಬಂತು, ವಿದ್ಯಾರ್ಥಿಗಳು ಬಂದರು.

ಇನ್ನೊಂದು ಸಂಗತಿ. ಮಗುವಿಗೆ ಒಂದೂವರೆ ವರ್ಷವಾಗುವ ಹೊತ್ತಿಗೆ ಆ ಊರಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದ್ದಳು. "ಮೇಡಂ, ಆ ಮೊಗೀಗೆ ಎರಡನೇ ಸೂಜಿ ಹಾಕುಸ್ಬೋದಾ?" ಎಂದು ಕೇಳಿದಳು. ಯಾವ ಮಗು ಎಂದು ನಾನು ಕೇಳಲಿಲ್ಲ. "ಹಾಕಿಸಿ, ಏನೂ ಆಗಲ್ಲ" ಅಂದೆ. ಹಾಕಿಸಿ ಎಂದದ್ದು ತಪ್ಪಾಗಿರಲಿಲ್ಲ. ಆದರೆ ಜ್ವರದ ಔಷಧಿ ಮನೆಯಲ್ಲಿಟ್ಟುಕೊಳ್ಳಲಿ, ಮೈ ಒರೆಸಲಿ, ಮತ್ತೆ ಹಾಗಾದರೆ ಪಕ್ಕಕ್ಕೆ ಮಲಗಿಸಲಿ, ಹೆದರದಿರಲಿ ಎಂದು ಹೇಳಲಿಲ್ಲ. ಹೇಳಿದ್ದರೆ ಆ ಸಾಲನ್ನು ನಾನು ಸರಿಯಾಗಿಯೇ ಓದಿದ್ದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು.

ಹಳದಿ ಕಾರ್ಡು ಬಂದ ಹನ್ನೆರಡು ದಿನಗಳ ಮೇಲೆ ನನ್ನ ಸಹೋದ್ಯೋಗಿಗೆ ನಿಜ ಹೇಳಿದೆ.  ಆಕೆ ಒಂದೇ ಪ್ರಶ್ನೆ ಕೇಳಿದಳು. "ಹಂಗಾರ ಆ ಚುಕ್ಕಿ?"

ಆಕೆ ಎರಡು ವರ್ಷ ಆ ಚುಕ್ಕಿಯ ಮೇಲೆ ಕೆಲಸ ಮಾಡಿದ್ದಳು.

"ಹೌದು, ಅದೇ" ಅಂದೆ. ಆಕೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಆ ವಾರವೇ ಸಮಿತಿಗೂ ಪ್ರಬಂಧ ಪ್ರಕಟಿಸಿದ ಪತ್ರಿಕೆಗೂ ಬರೆದೆ. ಎರಡೂ ಪತ್ರ ಇಂಗ್ಲಿಷಿನಲ್ಲಿದ್ದವು, ಒಂದೇ ಬೆಳಿಗ್ಗೆ ಮುಗಿದವು. ಅಷ್ಟು ಸುಲಭವಾಗಿ ಮುಗಿದದ್ದಕ್ಕೆ ನನಗೆ ಇನ್ನಷ್ಟು ನಾಚಿಕೆಯಾಯಿತು. ಸಮಿತಿಯವರು ಮನೆಯವರಿಗೆ ತಿಳಿಸಬೇಕು ಎಂದರು, ಬೇರೆ ಯಾರನ್ನಾದರೂ ಕಳಿಸೋಣವೇ ಎಂದೂ ಕೇಳಿದರು. ನಾನೇ ಹೋಗುತ್ತೇನೆ ಅಂದೆ. ಧೈರ್ಯದಿಂದ ಹೇಳಿದ್ದಲ್ಲ. ಬೇರೆಯವರು ಹೋದರೆ ನನ್ನ ಬಗ್ಗೆ ಏನು ಹೇಳುತ್ತಾರೋ ಎಂಬ ಅಳುಕು ಆಗಲೂ ಇತ್ತು.

ಕೋಡಿಹಳ್ಳಿಯ ಬಸ್ ನಿಲ್ದಾಣಕ್ಕೆ ಆಶಾ ಕಾರ್ಯಕರ್ತೆ ತನ್ನ ಸ್ಕೂಟರಿನಲ್ಲಿ ಬಂದಿದ್ದಳು. ತಲೆ ಪೂರ್ತಿ ನೆರೆತಿತ್ತು.

"ಏನ್ ಮೇಡಂ, ದಾರಿ ತಪ್ಪಿ ಬಂದ್ರಾ? ಆ ಮೊಗ ನೋಡ್ಬೇಕು ಅಂದ್ರಿ. ಮೊಗ ಎಲ್ಲೈತೆ? ನನ್ಗಿಂತ ಎತ್ರ ಬೆಳ್ದವ್ಳೆ."

ಸ್ಕೂಟರು ಹತ್ತುವ ಮೊದಲು, ನಿಂತಲ್ಲೇ, ಅವಳಿಗೆ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಸ್ಕೂಟರಿನ ಕನ್ನಡಿ ಒರೆಸುತ್ತ ಕೇಳಿದಳು.

"ನಾನು ಬರ್ದಿದ್ದೆ ಮೇಡಂ. ನೀವು ಹೇಳ್ಕೊಟ್ಟಂಗೇ ಬರ್ದಿದ್ದೆ. ನೀವೂ ಈ ಕಡೆಯೋರೇ, ನಿಮ್ಗೆ ಗೊತ್ತಾಯ್ತದೆ ಅಂದ್ಕಂಡೆ. ನೀವು ಏನೂ ಅನ್ಲಿಲ್ಲ. ಓದ್ದೋರು ಏನೂ ಅನ್ಲಿಲ್ಲ ಅಂದ್ಮೇಲೆ ಏನೂ ಇಲ್ಲ ಅಂತ್ಲೇ ಅವ್ಳಿಗೂ ಹೇಳ್ದೆ." ಸ್ಕೂಟರು ಚಾಲೂ ಮಾಡಿ, "ಹತ್ತಿ" ಅಂದಳು.

ದಾರಿಯಲ್ಲಿ ಉಳಿದದ್ದನ್ನು ಹೇಳಿದಳು. ಎರಡನೆಯ ಸೂಜಿಯಾಗಿ ಒಂಬತ್ತು ದಿನಕ್ಕೆ, ತಾಯಿ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ತವರಿಗೆ ಹೋಗುತ್ತಿದ್ದಾಗ ಮಗು ಮತ್ತೆ ಸೆಟೆದುಕೊಂಡಿತು. ಬಸ್ಸು ನಿಂತಿತು. ಯಾರೋ ಮೂರ್ಛೆ ಬಂದವರಿಗೆ ಮಾಡುವ ಹಾಗೆ ಬೀಗದ ಕೈ ಗೊಂಚಲನ್ನು ಮಗುವಿನ ಅಂಗೈಗೆ ಒತ್ತಿದರು. ಬಸ್ಸಿನಲ್ಲಿದ್ದವರೆಲ್ಲ ಸುತ್ತಮುತ್ತಲ ಊರಿನವರೇ. ಅವತ್ತಿನಿಂದ ಅದು ‘ಕಬ್ಬಿಣ ಹಿಡಿಸಿದ ಮೊಗ’ ಆಯಿತು. ಅದಾದ ಮೇಲೆ ಒಂದು ಸಲವೂ ಹಾಗಾಗಿಲ್ಲ. ಆದರೂ ತಾಯಿ ಅವಳನ್ನು ಒಲೆಯ ಹತ್ತಿರ ಬಿಟ್ಟಿಲ್ಲ, ಬಾವಿಯ ಹತ್ತಿರ ಬಿಟ್ಟಿಲ್ಲ, ಸೈಕಲ್ ಮುಟ್ಟಗೊಟ್ಟಿಲ್ಲ. ಹುಡುಗಿ ಊರಿನ ಶಾಲೆಯಲ್ಲೇ ಹತ್ತನೆಯ ತರಗತಿ ಮುಗಿಸಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಕನಕಪುರದ ಕಾಲೇಜಿಗೆ ಸೇರಬೇಕು, ಹಾಸ್ಟೆಲಿನಲ್ಲಿರಬೇಕು. ಅರ್ಜಿ ತಂದು ತಿಂಗಳಾಗುತ್ತ ಬಂದಿದೆ, ಕೊಟ್ಟಿಲ್ಲ. ಕೊಡಲು ಮೂರು ದಿನ ಉಳಿದಿದೆ.

ಆ ಮನೆಯವರು ಕುರಿ ಸಾಕುವವರು, ಜೊತೆಗೆ ಒಂದಿಷ್ಟು ರಾಗಿ. ನಾವು ಹೋದಾಗ ತಾಯಿ ಹಟ್ಟಿಯಲ್ಲಿ ಮರಿಗಳನ್ನು ಬೇರೆ ಕೂಡಿಹಾಕುತ್ತಿದ್ದಳು. ಹಿಂದೆ ಅಧ್ಯಯನಕ್ಕೆ ಒಪ್ಪಿಗೆ ಕೇಳಲು ಬಂದಿದ್ದ ನನ್ನನ್ನು ಗುರುತು ಹಿಡಿದು, "ಬನ್ನಿ ಮೇಡಮ್ನೋರೆ, ಕೂತ್ಕಳಿ" ಎಂದು ಜಗಲಿಯ ಮೇಲೆ ಚಾಪೆ ಹಾಸಿದಳು. ಮಜ್ಜಿಗೆ ತರಿಸಿದಳು. ತಂದವಳು ಮಗಳು. ಎತ್ತರದ, ಚುರುಕು ಕಣ್ಣಿನ ಹುಡುಗಿ. ನಾನು ಮಜ್ಜಿಗೆ ಕುಡಿಯಲಾರದೆ ಕೆಳಗಿಟ್ಟೆ.

"ಆವತ್ತು ನಿಮ್ಮ ಕಾರ್ಡಿನಲ್ಲಿ ಮೊಗ ಬೆಚ್ತು ಅಂತ ಬರೆದಿತ್ತು ಕಣವ್ವ. ಅದು ಏನು ಅಂತ ನನಗೆ ಗೊತ್ತಾಯಿತು. ಗೊತ್ತಾಗದವಳ ಹಾಗೆ ಇದ್ದುಬಿಟ್ಟೆ. ಡಾಕ್ಟರನ್ನು ಕಳಿಸಬೇಕಿತ್ತು, ಕಳಿಸಲಿಲ್ಲ."

"ಗೊತ್ತಿತ್ತಾ?"

"ಗೊತ್ತಿತ್ತು."

"ಆಗ್ಲೇ?"

"ಆಗ್ಲೇ."

ಅವಳು ಮಗಳ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. "ನಮ್ಮತ್ತೆ ಕಣ್ಮುಚ್ಚೋಗಂಟ ಒಂದೇ ಮಾತಂದ್ರು. ನಿಮ್ಮ ತವ್ರುಮನೆ ರಕ್ತ ಇದು, ನಮ್ಮನೇಗೆ ತಂದ್ಬುಟ್ಟೆ ಅಂತ. ನಾನೂ ಹೌದೇನೋ ಅಂದ್ಕಂಡೆ. ಇದು ಜ್ವರಕ್ಕೆ ಆಗೋದು ಅಂತ ಆವತ್ತು ಒಬ್ರು ಹೇಳಿದ್ರೆ..."

ಸಾಮಾನ್ಯವಾಗಿ ಇಂಥದ್ದು ಎಳೆತನದಲ್ಲೇ ಮುಗಿದುಹೋಗುತ್ತದೆ, ಇಷ್ಟು ವರ್ಷ ಏನೂ ಆಗದ ಮೇಲೆ ಹೆದರಬೇಕಿಲ್ಲ, ಆದರೂ ವೈದ್ಯರು ಒಮ್ಮೆ ನೋಡಲಿ ಎಂದು ಹೇಳಿದೆ. ನನ್ನ ದನಿ ತರಗತಿಯಲ್ಲಿ ಪಾಠ ಮಾಡುವಾಗಿನ ದನಿಯಾಗಿತ್ತು. ನನಗೇ ಅಸಹ್ಯವಾಯಿತು.

ಆಶಾ ಕಾರ್ಯಕರ್ತೆ ಅರ್ಜಿಯ ಮಾತು ತೆಗೆದಳು. "ಅದ್ರಾಗೆ ಒಂದು ಕಡೆ, ಮೂರ್ಛೆ ಬಂದಿದ್ದುಂಟಾ, ಹೌದು ಇಲ್ಲ ಅಂತ ಕೇಳವ್ರೆ ಮೇಡಂ. ಇಲ್ಲ ಅಂತ ಗೀಚಿ ಕೊಡಮ್ಮಿ, ಯಾರ್ ನೋಡಕ್ ಬಂದಾರು ಅಂದೆ ನಾನು. ಇವ್ಳು ಕೇಳ್ಬೇಕಲ್ಲ. ಹಟಮಾರಿ!"

"ಹಟ ಅಲ್ಲ ಕಣಕ್ಕ" ತಾಯಿ ಅಂದಳು. "ಇಲ್ಲ ಅಂತ ಬರ್ದ್ಬುಟ್ರೆ ನಾಳೆ ಅಲ್ಲಿ ಏನಾರ ಆದಾಗ ವಾರ್ಡನ್ನಮ್ಮಂಗೆ ಏನ್ ಗೊತ್ತಾಯ್ತದೆ? ಗೊತ್ತಿಲ್ದಿದ್ರೆ ಏನ್ ಮಾಡ್ತಾಳೆ, ಪಾಪ? ಹೌದು ಅಂತ ಬರದ್ರೆ ಸೇರಿಸ್ಕಳಲ್ಲ. ಅದ್ಕೇ ಇಟ್ಕಂಡ್ ಕೂತಿವ್ನಿ."

ಲಸಿಕೆಯ ಅಡ್ಡಪರಿಣಾಮಗಳನ್ನು ಯಾಕೆ ಬರೆದಿಡಬೇಕು ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ನಾನು ಒಂದು ಗಂಟೆ ಹೇಳುತ್ತೇನೆ. ಈ ಹೆಂಗಸು ಎರಡು ವಾಕ್ಯದಲ್ಲಿ ಹೇಳಿದಳು. ಅದನ್ನು ನಡೆಸಿಯೂ ತೋರಿಸಿದ್ದಳು. ಮಗಳ ಓದು ನಿಂತರೂ ಒಂದು ಕಾಗದದ ಮೇಲೆ ನಿಜವಲ್ಲದ್ದನ್ನು ಬರೆಸಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎಲ್ಲರೂ ಕೋಡಿಹಳ್ಳಿಯ ಆಸ್ಪತ್ರೆಯಲ್ಲಿ ಸೇರಿದೆವು. ತಾಯಿ ಒಂದು ಷರತ್ತು ಹಾಕಿದ್ದಳು. ನನಗೆ ಹೇಳಿದ್ದನ್ನು ಡಾಕ್ಟರ ಎದುರಿಗೂ ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಅಂದಿದ್ದಳು. ಅಲ್ಲಿನ ವೈದ್ಯೆ ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯರಷ್ಟೇ ಇದ್ದಾಳು. ಹೊರಗೆ ಸಾಲಿನಲ್ಲಿ ಕೂತಿದ್ದವರಿಗೂ ಕೇಳಿಸುವಂಥ ಚಿಕ್ಕ ಕೋಣೆ. ನಾನು ಕಾರ್ಡಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ಯಾವ ದಿನ ಕೈಗೆ ಬಂತು, ಯಾವಾಗ ಓದಿದೆ, ಏನು ಅರ್ಥವಾಯಿತು, ಏನು ಬರೆದೆ ಎಂದು ಒಂದೊಂದಾಗಿ ಹೇಳಿದೆ. ವೈದ್ಯೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ಹುಡುಗಿಯ ಕಡೆಗೆ ತಿರುಗಿದಳು. ಹುಟ್ಟಿದಂದಿನಿಂದ ಕೇಳುತ್ತ ಬಂದಳು. ಜ್ವರವಿಲ್ಲದೆ ಯಾವಾಗಲಾದರೂ ಆಗಿತ್ತೇ, ಎಷ್ಟು ಹೊತ್ತು ಇತ್ತು, ಓದಿನಲ್ಲಿ ಹೇಗೆ, ನಿದ್ದೆ ಹೇಗೆ. ಕಣ್ಣು, ಕೈ, ಕಾಲು, ನಡಿಗೆ ನೋಡಿದಳು.

"ಇದು ಮೂರ್ಛೆ ರೋಗ ಅಲ್ಲಮ್ಮ" ಎಂದು ತಾಯಿಗೆ ಹೇಳಿದಳು. "ಕೂಸಾಗಿದ್ದಾಗ ಜ್ವರಕ್ಕೆ ಎರಡು ಸಲ ಆಗಿದೆ, ಮುಗೀತು. ನಿಮ್ಮ ರಕ್ತದ್ದೂ ಅಲ್ಲ, ಯಾರ ತಪ್ಪೂ ಅಲ್ಲ. ನಾನು ಬರ್ಕೊಡ್ತೀನಿ. ಅರ್ಜೀಲಿ ಇರೋದನ್ನೇ ಬರೀರಿ, ಜೊತೆಗೆ ಈ ಕಾಗದ ಇಡಿ."

ಹುಡುಗಿ ಮೇಜಿನ ಹತ್ತಿರ ಬಂದು ಕೇಳಿದಳು. "ಡಾಕ್ಟ್ರೆ, ಹಂಗಾದ್ರೆ ನಾನು ಸೈಕಲ್ ಹೊಡಿಬೋದಾ?"

"ಹೊಡಿ. ಈ ರೋಡಲ್ಲಿ ಲಾರಿ ನೋಡ್ಕಂಡು ಹೊಡಿ."

ಆಶಾ ಕಾರ್ಯಕರ್ತೆ ಜೋರಾಗಿ ನಕ್ಕಳು. ತಾಯಿ ನಗಲಿಲ್ಲ. ಗೋಡೆಗೆ ತಿರುಗಿಕೊಂಡು ಸೆರಗಿನಿಂದ ಮುಖ ಒತ್ತಿಕೊಂಡಳು. ನಾನು ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ನನ್ನ ಕೈಗೆ ಆ ಹಕ್ಕಿಲ್ಲ ಎಂದು ತೋರಿ ಹಿಂದೆ ತೆಗೆದೆ.

ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಹುಡುಗಿ ಅರ್ಜಿ ತುಂಬಿದಳು. ಆ ಪ್ರಶ್ನೆಗೆ ಬಿಟ್ಟಿದ್ದ ಜಾಗ ಚಿಕ್ಕದು. ‘ಹೌದು’ ಎಂಬುದಕ್ಕೆ ಗುರುತು ಹಾಕಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ಒಂಬತ್ತು ತಿಂಗಳಲ್ಲಿ ಒಮ್ಮೆ, ಒಂದೂವರೆ ವರ್ಷದಲ್ಲಿ ಒಮ್ಮೆ, ಎರಡು ಸಲವೂ ಜ್ವರದಲ್ಲಿ, ಆಮೇಲೆ ಇಲ್ಲ ಎಂದು ಬರೆದಳು. ಅಕ್ಷರಗಳು ದುಂಡಗಿದ್ದವು. ಬರೆದು ಮುಗಿಸಿ ತಾಯಿಗೆ ಓದಿ ಹೇಳಿದಳು. ತಾಯಿ ಇನ್ನೊಂದು ಸಲ ಓದಿಸಿಕೊಂಡು, ಆಮೇಲೆ ಸಹಿ ಹಾಕಿದಳು.

ಬಸ್ ನಿಲ್ದಾಣದಲ್ಲಿ ನಾನು, ಕಾಲೇಜಿಗೆ ಸೇರಿದ ಮೇಲೆ ಏನಾದರೂ ಬೇಕಾದರೆ ಹೇಳಿ, ಆಗಾಗ ಬಂದು ನೋಡಿ ಹೋಗುತ್ತೇನೆ ಎಂದೆ. ತಾಯಿ ಆಗ ನನ್ನನ್ನು ನೇರವಾಗಿ ನೋಡಿದಳು. ಸಿಟ್ಟಿನ ದನಿಯಲ್ಲಿ ಹೇಳಲಿಲ್ಲ.

"ಬರಬ್ಯಾಡಿ ಮೇಡಮ್ನೋರೆ. ಇವ್ಳು ಚೆನ್ನಾಗಿರೋದ್ನ ನೋಡಿದ್ರೆ ನಿಮ್ಗೆ ಸಮಾಧಾನ ಆಯ್ತದೆ. ಅದ್ನ ನಾನು ಕೊಡಕ್ಕಾಗಕಿಲ್ಲ."

"ಆಯ್ತವ್ವ" ಅಂದೆ.

ಕನಕಪುರದ ಬಸ್ಸು ಬಂತು. ತಾಯಿ, ಮಗಳು, ಅವರ ಜೊತೆ ಆಶಾ ಕಾರ್ಯಕರ್ತೆ, ಮೂವರೂ ಅರ್ಜಿ ಕೊಡಲು ಹತ್ತಿದರು. ಹುಡುಗಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾನೂ ಅದೇ ಬಸ್ಸಿಗೆ ಹೋಗಬೇಕಾಗಿದ್ದವಳು. ಕಂಡಕ್ಟರು "ಬತ್ತೀರೇನಮ್ಮ?" ಎಂದು ಕೂಗಿ ಕೇಳಿದ. ಇಲ್ಲವೆಂದು ತಲೆಯಾಡಿಸಿ, ಮುಂದಿನ ಬಸ್ಸಿಗೆ ಕಾಯುತ್ತ ನಿಂತೆ.